ಕೋಷ್ಟಕವು ಎಕ್ಸ್‌ಎಂಎಲ್‌ಗೆ ಹೋಗಿ ಮರಳುವಾಗ ಅದರ ಮನೆಗಳು (ಸೆಲ್‌ಗಳು) ಪಕ್ಕಕ್ಕೆ ಸರಿಯುತ್ತಿವೆ, ತಪ್ಪು ಎಲ್ಲಿದೆ?

ಶಿರಸಿ ಮುದ್ರಕ (ಚರ್ಚೆಯ ಆರಂಭ)

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ನಾನೊಂದು ಸಣ್ಣ ಡಿಟಿಪಿ ಅಂಗಡಿ ನಡೆಸುತ್ತೇನೆ. ಅಡಿಕೆ ಬೆಳೆಗಾರರ ಸಂಘವೊಂದರ ವಾರ್ಷಿಕ ಪುಸ್ತಕ ಪ್ರತಿ ವರ್ಷ ವರ್ಡ್ ಕಡತವಾಗಿ ನನ್ನ ಕೈಗೆ ಬರುತ್ತದೆ. ಮುದ್ರಣಕ್ಕೂ ಜಾಲತಾಣಕ್ಕೂ ಒಂದೇ ಮೂಲ ಇರಲಿ ಎಂಬ ಉದ್ದೇಶದಿಂದ ಈ ಬಾರಿ ಅದನ್ನು ಡಾಕ್‌ಬುಕ್ ಎಕ್ಸ್‌ಎಂಎಲ್‌ಗೆ, ಎಂದರೆ ಪಠ್ಯದ ಪ್ರತಿ ಭಾಗಕ್ಕೂ ಟ್ಯಾಗ್ ಎಂಬ ಹೆಸರುಪಟ್ಟಿ ಹಚ್ಚಿ ಪುಸ್ತಕವನ್ನು ಉಳಿಸುವ ಕಡತರೂಪಕ್ಕೆ, ಪರಿವರ್ತಿಸಿದೆ. ಸಂಘದವರು ತಿದ್ದಲೆಂದು ಅಲ್ಲಿಂದ ಮತ್ತೆ ವರ್ಡ್‌ಗೆ ತಂದೆ. ಲೇಖನಗಳು, ಶೀರ್ಷಿಕೆಗಳು, ಅಡಿಟಿಪ್ಪಣಿಗಳು ಎಲ್ಲವೂ ಸರಿಯಾಗಿಯೇ ಮರಳಿದವು. ಕೋಷ್ಟಕಗಳು ಮಾತ್ರ ಕೆಟ್ಟವು.

ದರಪಟ್ಟಿಯನ್ನೇ ಉದಾಹರಣೆಯಾಗಿ ಕೊಡುತ್ತೇನೆ. ಎಡಗಡೆಯ ಕಂಬಸಾಲಿನಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ ಎಂದು ಮಾರುಕಟ್ಟೆಗಳ ಹೆಸರುಗಳಿವೆ. ತಲೆಬರಹ ಎರಡು ಅಂತಸ್ತಿನದು. ಮೇಲಿನ ಅಂತಸ್ತಿನಲ್ಲಿ ರಾಶಿ, ಬೆಟ್ಟೆ, ಕೆಂಪುಗೋಟು, ಚಾಲಿ ಎಂಬ ಅಡಿಕೆಯ ತರಗತಿಗಳಿದ್ದು, ಪ್ರತಿಯೊಂದರ ಕೆಳಗೆ ಕನಿಷ್ಠ ಮತ್ತು ಗರಿಷ್ಠ ಎಂಬ ಎರಡು ಮನೆಗಳಿವೆ. ಕುಮಟಾದ ಸಾಲಿನಲ್ಲಿ ರಾಶಿ, ಬೆಟ್ಟೆ, ಕೆಂಪುಗೋಟಿನ ಮನೆಗಳು ಖಾಲಿಯಾಗಿದ್ದು ಚಾಲಿಗೆ ಮಾತ್ರ ದರವಿತ್ತು. ಮರಳಿ ಬಂದ ಕಡತದಲ್ಲಿ ಆ ಚಾಲಿಯ ದರ ರಾಶಿಯ ಕೆಳಗೆ ಕುಳಿತಿತ್ತು. ಕರಡು ನೋಡಿದ ಹಿರಿಯ ಬೆಳೆಗಾರರೊಬ್ಬರು ಅದನ್ನು ಗುರುತಿಸದಿದ್ದರೆ ಹಾಗೆಯೇ ಅಚ್ಚಾಗುತ್ತಿತ್ತು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಪರಿವರ್ತನೆಯ ಸ್ಕ್ರಿಪ್ಟ್ ಬರೆದವನು ನನ್ನ ಸೋದರಳಿಯ. ಅವನು ಹೇಳುವಂತೆ ಎಕ್ಸ್‌ಎಂಎಲ್ ಕಡತ ಸ್ಕೀಮಾ ಪರೀಕ್ಷೆಯಲ್ಲಿ (ಟ್ಯಾಗ್‌ಗಳ ನಿಯಮಪಟ್ಟಿಗೆ ಹೋಲಿಸುವ ಪರೀಕ್ಷೆ) ಒಂದು ದೋಷವೂ ಇಲ್ಲದೆ ಉತ್ತೀರ್ಣವಾಗಿದೆ. ಹಾಗಾದರೆ ತಪ್ಪು ಎಲ್ಲಿದೆ? ಡಾಕ್‌ಬುಕ್‌ನಲ್ಲಿ ಕಾಲ್ಸ್ ಎಂಬ ಹಳೆಯ ಮಾದರಿಯ ಕೋಷ್ಟಕವನ್ನು ಬಿಟ್ಟು ಜಾಲಪುಟಗಳ ಎಚ್‌ಟಿಎಂಎಲ್ ಮಾದರಿಯನ್ನು ಬಳಸಿದರೆ ಸರಿಹೋಗುತ್ತದೆಯೇ?

ಕೋಡಿಬಾಗ ಕಡಲು

ಮುದ್ರಕರೇ, ಯಾವ ಮಾದರಿ ಬಳಸಿದರೂ ಇದು ಮತ್ತೆ ಆಗುತ್ತದೆ. ದರಗಳನ್ನು ಕೋಷ್ಟಕವಾಗಿ ಉಳಿಸಿಡುವುದೇ ಮೂಲ ತಪ್ಪು.

ಯಲ್ಲಾಪುರ ಘಟ್ಟ

ಅಷ್ಟು ಬೇಗ ತೀರ್ಪು ಕೊಡುವುದು ಬೇಡ. ಮುದ್ರಕರೇ, ಕುಮಟಾದ ಆ ಒಂದು ಅಡ್ಡಸಾಲನ್ನು ಎಕ್ಸ್‌ಎಂಎಲ್‌ನಲ್ಲಿ ತೆರೆದು, ಅದರಲ್ಲಿ ಎಷ್ಟು ಎಂಟ್ರಿ ಟ್ಯಾಗ್‌ಗಳಿವೆ (ಒಂದು ಮನೆಗೆ ಒಂದು ಎಂಟ್ರಿ) ಎಂದು ಎಣಿಸಿ ಹೇಳುವಿರಾ?

ಶಿರಸಿ ಮುದ್ರಕ

ಮೂರೇ ಇವೆ. ಮೊದಲನೆಯದರಲ್ಲಿ ಕುಮಟಾ ಎಂಬ ಹೆಸರು, ಉಳಿದೆರಡರಲ್ಲಿ ಚಾಲಿಯ ಎರಡು ದರಗಳು. ಆ ಎರಡಕ್ಕೂ ಕೋಲ್‌ನೇಮ್ ಎಂಬ ಗುಣಲಕ್ಷಣವಿದ್ದು (ಟ್ಯಾಗ್‌ನೊಳಗೆ ಬರೆಯುವ ಹೆಚ್ಚುವರಿ ಮಾಹಿತಿ), ಒಂದರಲ್ಲಿ ಸಿ8 ಎಂದೂ ಇನ್ನೊಂದರಲ್ಲಿ ಸಿ9 ಎಂದೂ ಬರೆದಿದೆ.

ಯಲ್ಲಾಪುರ ಘಟ್ಟ

ಹಾಗಾದರೆ ನಿಮ್ಮ ಸೋದರಳಿಯ ಬರೆದ ಎಕ್ಸ್‌ಎಂಎಲ್ ಸರಿಯಾಗಿಯೇ ಇದೆ. ಅದನ್ನು ವರ್ಡ್‌ಗೆ ಹಿಂತಿರುಗಿಸುವ ಭಾಗ ತಪ್ಪಾಗಿದೆ.

ಕಾಲ್ಸ್ ಮಾದರಿಯಲ್ಲಿ ಪ್ರತಿ ಕಂಬಸಾಲಿಗೂ ಕೋಲ್‌ಸ್ಪೆಕ್ ಎಂಬ ಟ್ಯಾಗ್ ಮೂಲಕ ಒಂದು ಹೆಸರು ಇಡಬಹುದು. ಒಂದು ಮನೆ ತನ್ನ ಕಂಬಸಾಲಿನ ಹೆಸರನ್ನು ತಾನೇ ಹೇಳಿಕೊಂಡರೆ ಅದರ ಹಿಂದಿನ ಖಾಲಿ ಮನೆಗಳನ್ನು ಬರೆಯಲೇಬೇಕೆಂದಿಲ್ಲ. ನಿಮ್ಮ ಸ್ಕ್ರಿಪ್ಟ್ ಪಠ್ಯವಿರುವ ಮನೆಗಳನ್ನಷ್ಟೇ ಬರೆದು, ಪ್ರತಿಯೊಂದಕ್ಕೂ ವಿಳಾಸ ಕೊಟ್ಟಿದೆ. ಎಚ್‌ಟಿಎಂಎಲ್ ಕೋಷ್ಟಕದಲ್ಲಿ ಇಂತಹ ವಿಳಾಸವೇ ಇಲ್ಲ. ಅಲ್ಲಿ ಮನೆಗಳು ಬರೆದ ಕ್ರಮದಲ್ಲಿ ಎಡದಿಂದ ಬಲಕ್ಕೆ, ಸಿಕ್ಕ ಮೊದಲ ಖಾಲಿ ಸ್ಥಾನಕ್ಕೆ ಹೋಗಿ ಕೂರುತ್ತವೆ. ನಿಮ್ಮ ಹಿಂತಿರುಗುವ ದಾರಿ ನಡುವೆ ಎಚ್‌ಟಿಎಂಎಲ್ ಮೂಲಕ ಹಾದುಹೋಗುತ್ತಿರಬೇಕು ಮತ್ತು ಅಲ್ಲಿ ಕೋಲ್‌ನೇಮ್ ಅನ್ನು ಓದದೆ ಎಂಟ್ರಿಯನ್ನು ನೇರವಾಗಿ ಎಚ್‌ಟಿಎಂಎಲ್‌ನ ಮನೆಯ ಟ್ಯಾಗ್ ಆದ ಟಿಡಿಯಾಗಿ ಬದಲಿಸಿರಬೇಕು. ಆರು ಖಾಲಿ ಟಿಡಿಗಳನ್ನು ತುಂಬದ ಕಾರಣ ಎಂಟನೆಯ ಮನೆಯ ದರ ಎರಡನೆಯ ಮನೆಗೆ ಬಂದಿದೆ.

ಸ್ಕೀಮಾ ಇದನ್ನು ಹಿಡಿಯುವುದಿಲ್ಲ. ಯಾವ ಟ್ಯಾಗ್‌ನೊಳಗೆ ಯಾವುದು ಬರಬಹುದು ಎಂಬುದು ಸ್ಕೀಮಾಕ್ಕೆ ಗೊತ್ತು; ಈ ಸಾಲಿನ ಮನೆಗಳು ಸೇರಿ ಒಂಬತ್ತು ಸ್ಥಾನಗಳನ್ನು ತುಂಬುತ್ತವೆಯೇ ಎಂಬ ಲೆಕ್ಕವನ್ನು ಅದು ಮಾಡುವುದಿಲ್ಲ.

ಕುಮಟಾ ಗ್ರಂಥಪಾಲಕ

ಇದಕ್ಕೊಂದು ಹಿನ್ನೆಲೆ ಸೇರಿಸುತ್ತೇನೆ. ಕಾಲ್ಸ್ ಮಾದರಿ ಬಂದದ್ದು ಅಮೆರಿಕದ ರಕ್ಷಣಾ ಇಲಾಖೆಯ ತಾಂತ್ರಿಕ ಕೈಪಿಡಿಗಳಿಗಾಗಿ, ಎಕ್ಸ್‌ಎಂಎಲ್‌ಗಿಂತ ಹಿಂದಿನ ಎಸ್‌ಜಿಎಂಎಲ್ ಕಾಲದಲ್ಲಿ. ಆಗ ಒಂದೊಂದು ತಂತ್ರಾಂಶವೂ ಅದನ್ನು ತನಗೆ ತೋಚಿದಂತೆ ಅರ್ಥೈಸುತ್ತಿದ್ದುದರಿಂದ, ಎಲ್ಲರೂ ಒಪ್ಪಬಹುದಾದ ಚಿಕ್ಕ ಉಪಮಾದರಿಯೊಂದನ್ನು ಓಯಾಸಿಸ್ ಎಂಬ ಮಾನಕ ಸಂಸ್ಥೆ ಪ್ರತ್ಯೇಕಿಸಿತು. ಅದರ ಎಕ್ಸ್‌ಎಂಎಲ್ ರೂಪ 1999ರಲ್ಲಿ ಬಂತು. ಆ ಉಪಮಾದರಿಯಲ್ಲಿ ಕೋಷ್ಟಕದೊಳಗಿನ ಕೋಷ್ಟಕವೂ ಇಲ್ಲ, ಕೋಷ್ಟಕದ ಅಡಿಸಾಲುಗಳ ಟಿಫುಟ್ ಕೂಡ ಇಲ್ಲ. ಪರಿವರ್ತಿಸುವಾಗ ನಿಮ್ಮ ಕಡತದಲ್ಲಿರುವುದು ಪೂರ್ಣ ಕಾಲ್ಸ್ ಮಾದರಿಯೋ ಈ ಚಿಕ್ಕ ಮಾದರಿಯೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ಮಾದರಿ ಬದಲಿಸುವ ನಿಮ್ಮ ಪ್ರಶ್ನೆಗೆ ಉತ್ತರವೆಂದರೆ, ಡಾಕ್‌ಬುಕ್ 4.3ನೆಯ ಆವೃತ್ತಿಯಿಂದ ಎರಡೂ ಮಾದರಿಗಳಿಗೆ ಅವಕಾಶವಿದೆ. ಆದರೆ ಒಂದೇ ಕೋಷ್ಟಕದೊಳಗೆ ಎರಡನ್ನೂ ಬೆರೆಸುವಂತಿಲ್ಲ.

ಕೋಡಿಬಾಗ ಕಡಲು

ನನ್ನ ಮಾತನ್ನು ಸ್ವಲ್ಪ ವಿವರಿಸಲು ಅವಕಾಶ ಕೊಡಿ. ನಾನು ಮೀನುಗಾರ ಗೆಳೆಯರಿಗಾಗಿ ಕಾರವಾರದ ಉಬ್ಬರ-ಇಳಿತದ ವೇಳಾಪಟ್ಟಿಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತೇನೆ. ನಮ್ಮ ಕಡಲಿನಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಆದರೆ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ ಬೇಕು. ದಿನದಿಂದ ದಿನಕ್ಕೆ ವೇಳೆ 50 ನಿಮಿಷದಷ್ಟು ಮುಂದಕ್ಕೆ ಹೋಗುವುದರಿಂದ ಕೆಲವು ದಿನಗಳಲ್ಲಿ ನಾಲ್ಕರ ಬದಲು ಮೂರೇ ನಮೂದುಗಳಿರುತ್ತವೆ. ಪಟ್ಟಿಯಲ್ಲಿ ದಿನಾಂಕದ ಮನೆ ಒಮ್ಮೆ ನಾಲ್ಕು ಸಾಲಿಗೆ ಹರಡಿದರೆ ಇನ್ನೊಮ್ಮೆ ಮೂರು ಸಾಲಿಗೆ ಹರಡುತ್ತದೆ. ಎಲ್ಲ ದಿನಗಳಿಗೂ ನಾಲ್ಕೇ ಎಂದು ನಂಬಿದ ಪರಿವರ್ತಕವೊಂದು ನನ್ನಲ್ಲಿತ್ತು. ಮೂರು ನಮೂದಿನ ದಿನ ಬಂದ ಕೂಡಲೇ ಅದು ಮರುದಿನದ ಮೊದಲ ವೇಳೆಯನ್ನು ಹಿಂದಿನ ದಿನಕ್ಕೆ ಸೇರಿಸಿತು. ಆ ತಿಂಗಳ ಉಳಿದ ದಿನಗಳೆಲ್ಲ ಒಂದೊಂದು ಸಾಲು ಜಾರಿದವು. ಅಳಿವೆ ದಾಟಲು ಆ ಪಟ್ಟಿಯನ್ನು ನಂಬಿ ದೋಣಿ ಇಳಿಸುವವರು ಇದ್ದಾರೆ.

ಅಂದಿನಿಂದ ನಾನು ಕೋಷ್ಟಕವನ್ನು ಉಳಿಸಿಡುವುದನ್ನು ನಿಲ್ಲಿಸಿದೆ. ದಿನ ಎಂಬ ಟ್ಯಾಗ್, ಅದರೊಳಗೆ ಉಬ್ಬರ ಅಥವಾ ಇಳಿತ ಎಂಬ ಟ್ಯಾಗ್, ಅದಕ್ಕೆ ವೇಳೆ ಮತ್ತು ಎತ್ತರ ಎಂಬ ಗುಣಲಕ್ಷಣಗಳು. ಎಷ್ಟು ಸಾಲಿಗೆ ಹರಡಬೇಕು ಎಂಬುದನ್ನು ಅಚ್ಚಿಗೆ ಹೋಗುವ ಹೊತ್ತಿನಲ್ಲಿ ಎಕ್ಸ್‌ಎಂಎಲ್ ಅನ್ನು ರೂಪಾಂತರಿಸುವ ಎಕ್ಸ್‌ಎಸ್‌ಎಲ್‌ಟಿ ತಾನೇ ಎಣಿಸುತ್ತದೆ. ದರಪಟ್ಟಿಗೂ ಇದೇ ಕ್ರಮ ಸರಿಯಾದುದು.

ಹೊನ್ನಾವರ ಹೊಸಬ

ಟ್ಯಾಗ್‌ಗಳ ಹೆಸರನ್ನು ಕನ್ನಡದಲ್ಲಿಯೇ ಇಡಬಹುದೇ? ನನಗೆ ಇದು ತಿಳಿದಿರಲಿಲ್ಲ.

ಯಲ್ಲಾಪುರ ಘಟ್ಟ

ಇಡಬಹುದು. 1998ರ ಎಕ್ಸ್‌ಎಂಎಲ್ 1.0 ಮೊದಲ ಆವೃತ್ತಿಯೇ ಕನ್ನಡ ಅಕ್ಷರಗಳನ್ನು ಹೆಸರುಗಳಲ್ಲಿ ಒಪ್ಪುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಒತ್ತಕ್ಷರವಾಗದಂತೆ ತಡೆಯಲು ನಾವು ನಡುವೆ ಹಾಕುವ, ಕಣ್ಣಿಗೆ ಕಾಣದ ಜೋಡಣೆ-ತಡೆ ಚಿಹ್ನೆ 2008ರ ಐದನೆಯ ಆವೃತ್ತಿಗಿಂತ ಮೊದಲು ಹೆಸರುಗಳಲ್ಲಿ ನಿಷಿದ್ಧವಾಗಿತ್ತು. ಹಳೆಯ ನಿಯಮದಂತೆ ನಡೆಯುವ ಪಾರ್ಸರ್‌ಗಳು (ಎಕ್ಸ್‌ಎಂಎಲ್ ಓದುವ ತಂತ್ರಾಂಶಗಳು) ಅದನ್ನು ಈಗಲೂ ತಿರಸ್ಕರಿಸುತ್ತವೆ. ದಿನ, ಉಬ್ಬರ, ಇಳಿತ ಎಂಬ ಸರಳ ಹೆಸರುಗಳಿಗೆ ತೊಂದರೆಯಿಲ್ಲ.

ಕುಮಟಾ ಗ್ರಂಥಪಾಲಕ

ಕೋಡಿಬಾಗದವರ ವಾದವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಉಬ್ಬರದ ಪಟ್ಟಿ ಎಲ್ಲ ತಿಂಗಳೂ ಒಂದೇ ರೂಪದ್ದು. ಅದಕ್ಕೆ ತಮ್ಮ ಕ್ರಮ ಸರಿ. ಹಳೆಯ ನಿಯತಕಾಲಿಕಗಳನ್ನು ಪಠ್ಯ ಸಂಪಾದಕರು ಬಳಸುವ ಟಿಇಐ ಎಕ್ಸ್‌ಎಂಎಲ್‌ಗೆ ತರುವ ನಮ್ಮಂಥವರ ಮುಂದೆ ನೂರು ಕೋಷ್ಟಕಗಳಿದ್ದರೆ ನೂರು ರೂಪಗಳಿರುತ್ತವೆ. ಪ್ರತಿಯೊಂದಕ್ಕೂ ಹೊಸ ಟ್ಯಾಗ್‌ಗಳನ್ನು ಕಟ್ಟುತ್ತ ಕುಳಿತರೆ ಕೆಲಸ ಮುಗಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕೋಷ್ಟಕದ ಜೋಡಣೆಯೇ ಲೇಖಕನ ಮಾತು. ಯಾವುದನ್ನು ಯಾವುದರ ಪಕ್ಕ ಇಟ್ಟ, ಎಲ್ಲಿ ಗೆರೆ ಎಳೆದ, ಎಲ್ಲಿ ‘ಸದರ್’ ಎಂದು ಬರೆದು ಮೇಲಿನದನ್ನೇ ಸೂಚಿಸಿದ ಎಂಬುದೆಲ್ಲ ಮೂಲದ ಭಾಗ. ನಾನು ‘ಸದರ್’ ಅನ್ನು ಹಾಗೆಯೇ ಉಳಿಸಿ, ಅದು ಸೂಚಿಸುವ ಮೌಲ್ಯವನ್ನು ಗುಣಲಕ್ಷಣದಲ್ಲಿ ಬರೆಯುತ್ತೇನೆ. ಟಿಇಐಯಲ್ಲಿ ಟೇಬಲ್, ರೋ, ಸೆಲ್ ಎಂಬ ಮೂರೇ ಟ್ಯಾಗ್‌ಗಳು. ಮನೆ ಹರಡಿದ್ದರೆ ಅದಕ್ಕೆ ರೋಸ್ ಮತ್ತು ಕೋಲ್ಸ್ ಎಂಬ ಸಂಖ್ಯೆಗಳು. ಅಗಲದ ಚಿಂತೆ ಅಲ್ಲಿಲ್ಲ, ಅರ್ಥದ ಚಿಂತೆ ಮಾತ್ರ.

ಕೋಡಿಬಾಗ ಕಡಲು

ಹಳೆಯ ಪತ್ರಿಕೆಗೆ ಅದು ಸರಿ, ಒಪ್ಪುತ್ತೇನೆ. ಆದರೆ ಮುದ್ರಕರ ದರಪಟ್ಟಿ ಹಳೆಯ ದಾಖಲೆಯಲ್ಲ. ಪ್ರತಿ ವರ್ಷ ಅದೇ ಮಾರುಕಟ್ಟೆ, ಅದೇ ತರಗತಿ. ಕುಮಟಾದ ಆ ಖಾಲಿ ಮನೆಯ ಅರ್ಥವೇನು ಎಂದು ಅವರನ್ನೇ ಕೇಳೋಣ. ಅಡಿಕೆ ಬರಲೇ ಇಲ್ಲವೆಂದೋ, ಬಂದರೂ ವ್ಯಾಪಾರ ಆಗಲಿಲ್ಲವೆಂದೋ, ದರ ಸಿಕ್ಕಿಲ್ಲವೆಂದೋ? ಖಾಲಿ ಮನೆ ಈ ಮೂರನ್ನೂ ಒಂದೇ ಎಂಬಂತೆ ತೋರಿಸುತ್ತದೆ.

ಶಿರಸಿ ಮುದ್ರಕ

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಸಂಘದವರಿಗೆ ಫೋನ್ ಮಾಡಿ ಕೇಳಿದೆ. ಕುಮಟಾದ ಮನೆಗಳಿಗೆ ‘ಆವಕವಿಲ್ಲ’ ಎಂಬ ಅರ್ಥ. ಸಿದ್ದಾಪುರದ ಒಂದು ಖಾಲಿ ಮನೆಗೆ ‘ದರ ಬರಬೇಕಿದೆ’ ಎಂಬ ಅರ್ಥವಂತೆ. ಇಷ್ಟು ವರ್ಷ ಎರಡನ್ನೂ ಒಂದೇ ರೀತಿ ಖಾಲಿ ಬಿಟ್ಟು ಅಚ್ಚು ಹಾಕಿದ್ದೇನೆ.

ಹಳೆಯ ಮೊಳೆಗಾರ

ಅಂಕೋಲಾ ಕಡೆಯ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವನು ನಾನು. ಎಕ್ಸ್‌ಎಂಎಲ್ ನನಗೆ ತಿಳಿಯದು, ಆದರೆ ನೀವು ಹೇಳುತ್ತಿರುವ ಕಷ್ಟ ನನಗೆ ಪರಿಚಿತ. ಮೊಳೆಯಲ್ಲಿ ಖಾಲಿ ಮನೆ ಎಂಬುದು ಇರಲೇ ಇಲ್ಲ. ಅಕ್ಷರವಿಲ್ಲದ ಜಾಗಕ್ಕೂ ಅಷ್ಟೇ ಅಗಲದ ಸೀಸದ ತುಂಡನ್ನು ಕೈಯಾರೆ ಇಡಬೇಕಿತ್ತು, ಇಲ್ಲದಿದ್ದರೆ ಚೌಕಟ್ಟು ಬಿಗಿಯುವಾಗ ಇಡೀ ಸಾಲು ಕುಸಿಯುತ್ತಿತ್ತು. ಕೋಷ್ಟಕದ ಕೆಲಸ ಬಂದರೆ ಮೊದಲು ಕಾಗದದ ಮೇಲೆ ಮನೆಗಳನ್ನು ಎಳೆದು, ಪ್ರತಿ ಮನೆಯ ಅಗಲವನ್ನು ಎಮ್ ಎಂಬ ಅಚ್ಚಿನ ಅಳತೆಯ ಲೆಕ್ಕದಲ್ಲಿ ಬರೆದುಕೊಂಡು, ಮೊತ್ತ ಪುಟದ ಅಗಲಕ್ಕೆ ಹೊಂದಿದ ನಂತರವೇ ಮೊಳೆಗೆ ಕೈ ಹಾಕುತ್ತಿದ್ದೆವು. ನಿಮ್ಮ ಯಂತ್ರಕ್ಕೂ ಆ ಕಾಗದದ ನಕ್ಷೆಯನ್ನು ಮೊದಲು ಎಳೆಯಲು ಹೇಳಿ.

ಯಲ್ಲಾಪುರ ಘಟ್ಟ

ಹಿರಿಯರು ಹೇಳಿದ್ದೇ ಇದಕ್ಕೆ ಪರಿಹಾರ. ನಾನು ಎರಡು ದಿನ ಹುಡುಕಾಡಿ ಕಲಿತದ್ದನ್ನು ಅವರು ನಾಲ್ಕು ವಾಕ್ಯದಲ್ಲಿ ಹೇಳಿದ್ದಾರೆ.

ಒಂದು ಮಾದರಿಯಿಂದ ಇನ್ನೊಂದಕ್ಕೆ ಟ್ಯಾಗ್‌ಗಳನ್ನು ನೇರವಾಗಿ ಬದಲಿಸಲು ಹೋಗಬಾರದು. ನಡುವೆ ಒಂದು ಚೌಕಳಿಯನ್ನು ಕಟ್ಟಬೇಕು. ಅಡ್ಡಸಾಲು ಎಷ್ಟು, ಕಂಬಸಾಲು ಎಷ್ಟು ಎಂದು ನೋಡಿ ಅಷ್ಟೂ ಸ್ಥಾನಗಳಿರುವ ಖಾಲಿ ಚೌಕಳಿಯನ್ನು ಮೊದಲು ಸಿದ್ಧಪಡಿಸಿ, ಪ್ರತಿ ಮನೆಯನ್ನು ಅದರ ಸ್ಥಾನದಲ್ಲಿ ಕೂರಿಸಿ, ಅದು ಹರಡಿರುವ ಎಲ್ಲ ಸ್ಥಾನಗಳ ಮೇಲೂ ಅದರ ಗುರುತು ಹಾಕಬೇಕು. ಕೊನೆಗೆ ಯಾವ ಸ್ಥಾನಕ್ಕೂ ಇಬ್ಬರು ಯಜಮಾನರಿರಬಾರದು, ಯಾವ ಸ್ಥಾನವೂ ಅನಾಥವಾಗಿರಬಾರದು. ಆ ಪರೀಕ್ಷೆ ಮುಗಿದ ಮೇಲೆಯೇ ಹೊಸ ಮಾದರಿಯ ಟ್ಯಾಗ್‌ಗಳನ್ನು ಬರೆಯಬೇಕು. ಕಾಲ್ಸ್ ಬೇಕಾದರೆ ಹರಡುವಿಕೆಯ ಮೊದಲ ಮತ್ತು ಕೊನೆಯ ಕಂಬಸಾಲಿನ ಹೆಸರುಗಳನ್ನು ನೇಮ್‌ಸ್ಟ್, ನೇಮ್‌ಎಂಡ್‌ಗಳಲ್ಲಿ ಕೊಡಿ. ಎಚ್‌ಟಿಎಂಎಲ್ ಬೇಕಾದರೆ ಅದೇ ಅಂತರವನ್ನು ಕೋಲ್‌ಸ್ಪ್ಯಾನ್ ಸಂಖ್ಯೆಯಾಗಿ ಕೊಡಿ, ಖಾಲಿ ಸ್ಥಾನಗಳಿಗೆ ಖಾಲಿ ಟಿಡಿ ಇಡಿ.

ಹೊನ್ನಾವರ ಹೊಸಬ

ಕೆಳಮುಖವಾಗಿ ಹರಡಿದ ಮನೆಗೆ ಕಾಲ್ಸ್‌ನ ಮೋರ್‌ರೋಸ್‌ನಲ್ಲಿಯೂ ಎಚ್‌ಟಿಎಂಎಲ್‌ನ ರೋಸ್ಪ್ಯಾನ್‌ನಲ್ಲಿಯೂ ಒಂದೇ ಸಂಖ್ಯೆ ಬರೆಯಬಹುದಲ್ಲವೇ?

ಯಲ್ಲಾಪುರ ಘಟ್ಟ

ಇಲ್ಲ, ಇಲ್ಲಿಯೇ ಬಹಳ ಮಂದಿ ಎಡವುತ್ತಾರೆ. ರೋಸ್ಪ್ಯಾನ್ ಒಟ್ಟು ಸಾಲುಗಳನ್ನು ಹೇಳುತ್ತದೆ. ಮೋರ್‌ರೋಸ್ ತನ್ನ ಸಾಲನ್ನು ಬಿಟ್ಟು ಇನ್ನೆಷ್ಟು ಎಂಬುದನ್ನು ಹೇಳುತ್ತದೆ. ನಮ್ಮ ಜಿಲ್ಲೆಯ ತಾಲ್ಲೂಕುಗಳ ಕೋಷ್ಟಕವನ್ನು ಕಲ್ಪಿಸಿಕೊಳ್ಳಿ. ‘ಕರಾವಳಿ’ ಎಂಬ ಮನೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಎಂಬ 5 ಸಾಲಿಗೆ ಹರಡುತ್ತದೆ. ಅಲ್ಲಿ ರೋಸ್ಪ್ಯಾನ್ 5, ಮೋರ್‌ರೋಸ್ 4.

ಕೋಡಿಬಾಗ ಕಡಲು

ನೀವೇ ಒಳ್ಳೆಯ ಉದಾಹರಣೆ ಕೊಟ್ಟಿರಿ. ಅದೇ ಕೋಷ್ಟಕದಲ್ಲಿ ‘ಘಟ್ಟದ ಮೇಲೆ’ ಎಂಬ ಮನೆ ಮೊದಲು ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ ಎಂಬ 6 ಸಾಲಿನದಾಗಿತ್ತು. ದಾಂಡೇಲಿ ತಾಲ್ಲೂಕಾದ ಮೇಲೆ 7 ಆಯಿತು. ಸಾಲನ್ನು ಸೇರಿಸಿ ಸಂಖ್ಯೆಯನ್ನು ತಿದ್ದಲು ಮರೆತರೆ ದಾಂಡೇಲಿ ಎಂಬ ಹೆಸರು ಎಡಕ್ಕೆ ಜಾರಿ ‘ಘಟ್ಟದ ಮೇಲೆ’ ಇರುವ ಕಂಬಸಾಲಿಗೆ ಹೋಗುತ್ತದೆ. ಗುಂಪಿನ ಟ್ಯಾಗ್‌ನೊಳಗೆ ತಾಲ್ಲೂಕಿನ ಟ್ಯಾಗ್ ಇಟ್ಟಿದ್ದರೆ ಎಣಿಸುವ ಪ್ರಶ್ನೆಯೇ ಇರುತ್ತಿರಲಿಲ್ಲ.

ಕುಮಟಾ ಗ್ರಂಥಪಾಲಕ

ಆ ಕೋಷ್ಟಕದ ಮಟ್ಟಿಗೆ ತಮ್ಮ ಮಾತು ಸರಿ ಎಂದು ಒಪ್ಪಿಕೊಳ್ಳುತ್ತೇನೆ.

ಸಿದ್ದಾಪುರ ಓದುಗ

ಇಷ್ಟೆಲ್ಲ ಯಾಕೆ ಬರೆಯಬೇಕು? ಪ್ಯಾಂಡಾಕ್ ಎಂಬ ಉಚಿತ ತಂತ್ರಾಂಶ ವರ್ಡ್‌ನಿಂದ ಡಾಕ್‌ಬುಕ್‌ಗೂ ಅಲ್ಲಿಂದ ಹಿಂದಕ್ಕೂ ಒಂದೇ ಆಜ್ಞೆಯಲ್ಲಿ ಪರಿವರ್ತಿಸುತ್ತದೆಯಲ್ಲವೇ?

ಯಲ್ಲಾಪುರ ಘಟ್ಟ

ಪರಿವರ್ತಿಸುತ್ತದೆ, ನಾನೂ ಬಳಸುತ್ತೇನೆ. ಆದರೆ 2020ರಲ್ಲಿ ಬಂದ 2.10 ಆವೃತ್ತಿಯವರೆಗೆ ಅದರ ಒಳಮಾದರಿಯಲ್ಲಿ ಹರಡಿದ ಮನೆ ಎಂಬ ಕಲ್ಪನೆಯೇ ಇರಲಿಲ್ಲ. ಈಗ ಇದೆಯಾದರೂ, ನಡುವೆ ಮಾರ್ಕ್‌ಡೌನ್ ಎಂಬ ಸರಳ ಪಠ್ಯರೂಪದ ಪೈಪ್ ಕೋಷ್ಟಕವಾಗಿ ಹಾಯಿಸಿದರೆ ಅಲ್ಲಿ ಹರಡುವಿಕೆಗೆ ಜಾಗವಿಲ್ಲ. ದಾರಿಯಲ್ಲಿ ಅತಿ ಬಡ ಮಾದರಿ ಯಾವುದೋ, ಕೊನೆಗೆ ಉಳಿಯುವುದು ಅದರ ಅಳತೆಯಷ್ಟೇ.

ಮುದ್ರಕರೇ, ವರ್ಡ್ ಕಡತದ ಒಳಗನ್ನೂ ಒಮ್ಮೆ ನೋಡಿ. ಅಲ್ಲಿ ಕೆಳಗೆ ಹರಡಿದ ಮನೆಗೆ ಸಂಖ್ಯೆಯೇ ಇರುವುದಿಲ್ಲ. ಮೊದಲ ಮನೆಗೆ ವಿಮರ್ಜ್ ‘ರೀಸ್ಟಾರ್ಟ್’ ಎಂಬ ಗುರುತು, ಅದರ ಕೆಳಗಿನ ಪ್ರತಿ ಸಾಲಿನಲ್ಲಿಯೂ ‘ಮುಂದುವರಿದಿದೆ’ ಎಂಬ ಗುರುತಿನ ನಿಜವಾದ ಮನೆಯೊಂದು. ಆ ಗುರುತನ್ನು ಓದದ ಪರಿವರ್ತಕ ಅವುಗಳನ್ನು ಖಾಲಿ ಮನೆಗಳೆಂದು ಭಾವಿಸುತ್ತದೆ. ಆಗ ನಿಮ್ಮ ‘ಆವಕವಿಲ್ಲ’ ಎಂಬ ಖಾಲಿಗೂ, ಮೇಲಿನ ಮನೆ ಮುಚ್ಚಿರುವ ಖಾಲಿಗೂ ವ್ಯತ್ಯಾಸ ಉಳಿಯುವುದಿಲ್ಲ. ಲಿಬ್ರೆ ಆಫೀಸಿನ ಓಡಿಎಫ್ ಕಡತರೂಪ ಈ ವಿಷಯದಲ್ಲಿ ಹೆಚ್ಚು ಸ್ಪಷ್ಟ. ಮುಚ್ಚಿಹೋದ ಮನೆಗೆ ಅಲ್ಲಿ ಬೇರೆಯೇ ಟ್ಯಾಗ್ ಇದೆ.

ಶಿರಸಿ ಮುದ್ರಕ

ಕಡತದ ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ಒಳಗೆ ನೋಡಿದೆವು. ಒಂಬತ್ತು ಕಂಬಸಾಲಿನ ಕೋಷ್ಟಕಕ್ಕೆ ಗ್ರಿಡ್‌ಕೋಲ್‌ಗಳು (ಕಂಬಸಾಲಿನ ಟ್ಯಾಗ್‌ಗಳು) ಹದಿನಾಲ್ಕು ಇವೆ. ಇದು ಹೇಗೆ ಸಾಧ್ಯ?

ಯಲ್ಲಾಪುರ ಘಟ್ಟ

ಯಾರೋ ಒಂದು ಸಾಲಿನ ಗೆರೆಯನ್ನು ಮಾತ್ರ ಮೌಸ್‌ನಿಂದ ಹಿಡಿದು ಕೂದಲೆಳೆಯಷ್ಟು ಎಳೆದಿದ್ದಾರೆ. ಕಣ್ಣಿಗೆ ಗೆರೆ ನೇರವಾಗಿಯೇ ಕಂಡರೂ ವರ್ಡ್‌ನ ಲೆಕ್ಕದಲ್ಲಿ ಅಲ್ಲೊಂದು ಹೊಸ ಕಂಬಸಾಲು ಹುಟ್ಟಿತು. ಉಳಿದ ಸಾಲುಗಳ ಮನೆಗಳು ಅದರ ಮೇಲೆ ಹರಡಿವೆ ಎಂದು ದಾಖಲಾಯಿತು. ಅಲ್ಲಿನ ಅಗಲದ ಮಾನ ಒಂದು ಅಂಗುಲಕ್ಕೆ 1440 ಭಾಗ. ಎರಡು ಗೆರೆಗಳ ನಡುವೆ 100 ಭಾಗಕ್ಕಿಂತ, ಎಂದರೆ ಸುಮಾರು 1.8 ಮಿಲಿಮೀಟರ್‌ಗಿಂತ ಕಡಿಮೆ ಅಂತರವಿದ್ದರೆ ಅವೆರಡನ್ನೂ ಒಂದೇ ಗೆರೆ ಎಂದು ಭಾವಿಸುವಂತೆ ಸ್ಕ್ರಿಪ್ಟ್‌ಗೆ ಹೇಳಿ. ಅಷ್ಟು ಕಿರಿದಾದ ನಿಜವಾದ ಕಂಬಸಾಲನ್ನು ನಾನು ಈವರೆಗೆ ಕಂಡಿಲ್ಲ.

ಅಂಕೋಲಾ ಅಧ್ಯಾಪಕಿ

ಎಲ್ಲರೂ ದರಗಳ ಮನೆಗಳ ಬಗ್ಗೆಯೇ ಮಾತನಾಡುತ್ತಿದ್ದೀರಿ. ತಲೆಬರಹದ ಮನೆಗಳ ಬಗ್ಗೆ ನಾನೊಂದು ಮಾತು ಹೇಳಬೇಕು. ನನ್ನ ತರಗತಿಯಲ್ಲಿ ದೃಷ್ಟಿಯಿಲ್ಲದ ವಿದ್ಯಾರ್ಥಿನಿಯೊಬ್ಬಳು ಪರದೆ ಓದುವ ತಂತ್ರಾಂಶದಿಂದ ಪಾಠ ಕೇಳುತ್ತಾಳೆ. ತಲೆಬರಹ ಯಾವುದೆಂದು ಕಡತದಲ್ಲಿ ಗುರುತಿಸಿದ್ದರೆ ಆ ತಂತ್ರಾಂಶ ‘ಕುಮಟಾ, ಚಾಲಿ, ಗರಿಷ್ಠ’ ಎಂದು ಹೇಳಿ ಆಮೇಲೆ ದರವನ್ನು ಓದುತ್ತದೆ. ದಪ್ಪ ಅಕ್ಷರ ಮಾಡಿ ತಲೆಬರಹವೆಂದು ಬಿಟ್ಟರೆ ಅವಳಿಗೆ ಕೇಳಿಸುವುದು ಬರಿಯ ಅಂಕಿಗಳ ಸಾಲು. ಜಾಲತಾಣಕ್ಕೆ ಕೊಡುವಾಗ ದಯವಿಟ್ಟು ತಲೆಬರಹದ ಟ್ಯಾಗ್ ಆದ ಟಿಎಚ್ ಮತ್ತು ಅದು ಸಾಲಿಗೋ ಕಂಬಸಾಲಿಗೋ ಎಂದು ಹೇಳುವ ಸ್ಕೋಪ್‌ಗಳನ್ನು ಬಿಡಬೇಡಿ. ಸಾಲಿನ ತಲೆಬರಹಕ್ಕೂ, ಎಂದರೆ ಊರಿನ ಹೆಸರಿಗೂ, ಅದು ಬೇಕು.

ಯಲ್ಲಾಪುರ ಘಟ್ಟ

ಮೇಡಂ, ನೀವು ಹೇಳಿದ್ದು ನನಗೆ ಹೊಳೆಯಬೇಕಿತ್ತು. ಓಯಾಸಿಸ್‌ನ ಚಿಕ್ಕ ಮಾದರಿಯಲ್ಲಿ ಮೇಲಿನ ತಲೆಬರಹಕ್ಕೆ ಟಿಹೆಡ್ ಇದೆ, ಸಾಲಿನ ತಲೆಬರಹಕ್ಕೆ ಪ್ರತ್ಯೇಕ ಗುರುತಿಲ್ಲ. ಡಿಟಾ ಎಂಬ ಇನ್ನೊಂದು ಎಕ್ಸ್‌ಎಂಎಲ್ ಮಾದರಿಯವರು ರೋಹೆಡರ್ ಎಂಬ ಗುಣಲಕ್ಷಣದಿಂದ ಮೊದಲ ಕಂಬಸಾಲನ್ನು ತಲೆಬರಹವೆಂದು ಹೇಳುವ ವ್ಯವಸ್ಥೆ ಮಾಡಿದ್ದಾರೆ. ಈ ದರಪಟ್ಟಿಯಲ್ಲಿ ಎಚ್‌ಟಿಎಂಎಲ್ ಮಾದರಿಗೆ ಹೋಗಲು ನಿಜವಾದ ಕಾರಣ ಇದೊಂದೇ ಎಂದು ನನಗೀಗ ಅನ್ನಿಸುತ್ತಿದೆ.

ಹೊನ್ನಾವರ ಹೊಸಬ

ನನ್ನದೂ ಒಂದು ಅನುಭವವಿದೆ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಶೈಲಿಯ ಕೋಷ್ಟಕವನ್ನು ಯೂನಿಕೋಡ್‌ಗೆ ತಂದಾಗ ‘ವರ್ಷ’ ಎಂಬ ತಲೆಬರಹದ ಅರ್ಕಾವೊತ್ತು ಕೆಲವು ಕಡೆ ಸರಿಯಾಗಿ, ಕೆಲವು ಕಡೆ ಕಸವಾಗಿ ಬಂತು. ‘ಕೆಜಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿದ್ದ ಮನೆಗಳು ಅರ್ಥವಿಲ್ಲದ ಕನ್ನಡವಾದವು. ಇದಕ್ಕೂ ಕೋಷ್ಟಕಕ್ಕೂ ಸಂಬಂಧವಿದೆಯೇ?

ಕುಮಟಾ ಗ್ರಂಥಪಾಲಕ

ಕೋಷ್ಟಕದಲ್ಲಿ ಇದು ಹೆಚ್ಚು ಕಾಡುತ್ತದೆ, ಏಕೆಂದರೆ ಒಂದೊಂದು ಮನೆಗೂ ಒಂದೊಂದು ಅಕ್ಷರಶೈಲಿ ಇರುವುದು ಸಾಮಾನ್ಯ. ವರ್ಡ್ ಒಂದೇ ಪದವನ್ನು ಒಳಗೊಳಗೇ ಎರಡು ತುಣುಕಾಗಿ ಉಳಿಸಿರಬಹುದು. ಹಳೆಯ ಅಕ್ಷರಶೈಲಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ತುಣುಕು ಅಲ್ಲಿಯೇ ಕಡಿದಿದ್ದರೆ ಪರಿವರ್ತಕಕ್ಕೆ ಹಿಂದಿನ ಅಕ್ಷರ ಕಾಣುವುದಿಲ್ಲ. ಒಂದು ಮನೆಯೊಳಗೆ ಒಂದೇ ಅಕ್ಷರಶೈಲಿಯ ತುಣುಕುಗಳನ್ನು ಮೊದಲು ಕೂಡಿಸಿ, ಅಕ್ಷರಶೈಲಿಯ ಹೆಸರು ನೋಡಿ, ನುಡಿಯಾಗಿದ್ದರೆ ಮಾತ್ರ ಪರಿವರ್ತಿಸಿ. ಮನೆಯ ಗಡಿಯನ್ನು ದಾಟಿ ಕೂಡಿಸಬಾರದು.

ಶಿರಸಿ ಮುದ್ರಕ

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಸೋದರಳಿಯ ನಡುವಿನ ಚೌಕಳಿಯನ್ನು ಕಟ್ಟಿದ. ಪ್ರತಿ ಕೋಷ್ಟಕವನ್ನೂ ಹೋಗುವಾಗ ಒಮ್ಮೆ, ಮರಳಿದಾಗ ಒಮ್ಮೆ ಚೌಕಳಿಯಾಗಿ ಬಿಡಿಸಿ, ಸ್ಥಾನಕ್ಕೆ ಸ್ಥಾನ ಹೋಲಿಸಿ ನೋಡುತ್ತೇವೆ. ಗೆರೆಗಳನ್ನು ಕೂಡಿಸಿದ ಮೇಲೆ ಹದಿನಾಲ್ಕು ಕಂಬಸಾಲು ಒಂಬತ್ತಕ್ಕೆ ಇಳಿದವು. ಕುಮಟಾದ ಚಾಲಿ ಈಗ ಚಾಲಿಯ ಕೆಳಗೇ ಇದೆ. ಕೋಡಿಬಾಗದವರ ಮಾತಿನಂತೆ ದರಪಟ್ಟಿಯೊಂದನ್ನು ಮಾತ್ರ ಕೋಷ್ಟಕದಿಂದ ಬಿಡಿಸಿ ಮಾರುಕಟ್ಟೆ, ತರಗತಿ, ದರ ಎಂಬ ಟ್ಯಾಗ್‌ಗಳಲ್ಲಿ ಇಟ್ಟಿದ್ದೇವೆ. ಜಾಲತಾಣಕ್ಕೆ ಅದರಿಂದಲೇ ಟಿಎಚ್ ಸಹಿತ ಎಚ್‌ಟಿಎಂಎಲ್ ಕೋಷ್ಟಕ ಹುಟ್ಟುತ್ತದೆ. ಉಳಿದವು ಕಾಲ್ಸ್‌ನಲ್ಲಿಯೇ ಇವೆ.

ಒಂದು ತೊಡಕು ಉಳಿದಿದೆ. ಒಂದು ಕೋಷ್ಟಕದಲ್ಲಿ ‘ಮಾರುಕಟ್ಟೆ’ ಎಂಬ ಮನೆ ತಲೆಬರಹದ ಸಾಲಿನಲ್ಲಿ ಆರಂಭವಾಗಿ ಕೆಳಗಿನ ಮೊದಲ ಊರಿನ ಸಾಲಿನವರೆಗೂ ಹರಡಿದೆ. ಚೌಕಳಿ ಅದನ್ನು ಒಪ್ಪುತ್ತದೆ, ಕಾಲ್ಸ್ ಒಪ್ಪುವುದಿಲ್ಲ.

ಯಲ್ಲಾಪುರ ಘಟ್ಟ

ತಲೆಬರಹದ ಟಿಹೆಡ್‌ನಿಂದ ಮೈಭಾಗದ ಟಿಬಾಡಿಗೆ ಹರಡಲು ಕಾಲ್ಸ್‌ನಲ್ಲಿಯೂ ಎಚ್‌ಟಿಎಂಎಲ್‌ನಲ್ಲಿಯೂ ಅವಕಾಶವಿಲ್ಲ. ವರ್ಡ್‌ನಲ್ಲಿ ತಲೆಬರಹ ಎಂಬುದು ಸಾಲಿನ ಒಂದು ಗುರುತು ಮಾತ್ರವಾದ್ದರಿಂದ ಅದು ಸಾಧ್ಯವಾಗಿದೆ. ಆ ಎರಡನೆಯ ಸಾಲು ನಿಜವಾಗಿ ಊರಿನ ಸಾಲೋ, ತಲೆಬರಹದ ಎರಡನೆಯ ಅಂತಸ್ತೋ ಎಂದು ಮೊದಲು ನೋಡಿ.

ಶಿರಸಿ ಮುದ್ರಕ

ನೋಡಿದೆ. ಅದು ಕನಿಷ್ಠ, ಗರಿಷ್ಠ ಎಂಬ ಸಾಲೇ. ವರ್ಡ್‌ನಲ್ಲಿ ತಲೆಬರಹವೆಂದು ಗುರುತು ಹಾಕಲು ಬಿಟ್ಟುಹೋಗಿತ್ತು. ಊರಿನ ಸಾಲೆಂದು ನಾನೇ ತಪ್ಪಾಗಿ ಓದಿದ್ದೆ. ಗುರುತು ಹಾಕಿ ಮತ್ತೆ ಪರಿವರ್ತಿಸಿದೆ, ಚೌಕಳಿಗಳು ಎರಡೂ ಕಡೆ ಹೊಂದಿದವು. ನಾಳೆ ಕರಡನ್ನು ಆ ಹಿರಿಯ ಬೆಳೆಗಾರರ ಮನೆಗೇ ಒಯ್ದು ತೋರಿಸುತ್ತೇನೆ.